ಷಡ್ಡಕನಿಗೆ ಕೊಟ್ಟ ಗೇಜು

ಕನ್ನಡಕದಂಗಡಿಯವರಿಗೆ ಈ ಪ್ರಪಂಚದಲ್ಲಿ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ, ಷಡ್ಡಕನೊಬ್ಬನನ್ನು ಬಿಟ್ಟು. ಆ ಒಬ್ಬನ ಮೇಲಿದ್ದದ್ದು ಮಾತ್ರ ಹತ್ತು ಜನಕ್ಕೆ ಹಂಚಿದರೂ ಮಿಗುವಷ್ಟಿತ್ತು. ಹೆಂಡತಿಯ ತಂಗಿಯ ಗಂಡ, ಹಾಸಿಗೆ ಅಂಗಡಿ ಇಟ್ಟವನು, ದಪ್ಪ ಬೆರಳಿನ, ದೊಡ್ಡ ನಗುವಿನ ಆಸಾಮಿ. ಮಾವನ ಮನೆಯ ನಲ್ಲಿ ಸೋರಿದರೆ ಚಿಕ್ಕಳಿಯನೇ ಬರಬೇಕು, ಅತ್ತೆಗೆ ಮಂಡಿ ನೋವೆಂದರೆ ಚಿಕ್ಕಳಿಯ ಕೊಟ್ಟ ದಿಂಬೇ ಆಗಬೇಕು. ದೊಡ್ಡಳಿಯ ಆ ಮನೆಗೆ ಹೋದರೆ ಮಾವ ಕನ್ನಡಕ ತೆಗೆದು ಕೈಗಿಟ್ಟು, "ಸ್ವಲ್ಪ ಒರೆಸಿಕೊಡಿ" ಎನ್ನುತ್ತಿದ್ದರು. ಅಷ್ಟೇ ಮರ್ಯಾದೆ.

ಇದನ್ನೆಲ್ಲ ಅವರು ಹಲ್ಲು ಕಚ್ಚಿ ಸಹಿಸಿಕೊಂಡಿದ್ದರೆಂದರೆ ಅದಕ್ಕೊಂದು ಕಾರಣವಿತ್ತು. ಬೇಕರಿಯ ಮೇಲಿನ ಉದ್ದ ಕೋಣೆಯಲ್ಲಿ, ಪುಟ್ಟ ರೈಲು ಓಡಿಸುವವರ ಕ್ಲಬ್ಬಿನಲ್ಲಿ, ಅವರಿಗೊಂದು ರಾಜ್ಯವಿತ್ತು. ಅಲ್ಲಿ ಗೋಡೆಯಿಂದ ಗೋಡೆಗೆ ಹಾಕಿದ ಮೇಜಿನ ಮೇಲೆ ಆಟಿಕೆ ರೈಲಿನ ಹಳಿ ಸುತ್ತಿಕೊಂಡಿತ್ತು: ಎರಡು ಸ್ಟೇಷನ್ನು, ಒಂದು ಸೇತುವೆ, ಕ್ಲಬ್ಬಿನ ಸದಸ್ಯೆ ಡ್ರಾಯಿಂಗ್ ಮೇಡಂ ಪ್ಲಾಸ್ಟರಿನಲ್ಲಿ ಮಾಡಿದ ಗುಡ್ಡ, ಗುಡ್ಡಕ್ಕೆ ಹತ್ತುವ ಏರು. ಆಟಿಕೆ ಎಂದು ಬಾಯ್ತಪ್ಪಿ ಅಂದವರನ್ನು ಆ ಕೋಣೆಯವರು ಮತ್ತೆ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ, ಅದು ಬೇರೆ ಮಾತು. ಆ ರಾಜ್ಯದಲ್ಲಿ ಅವರ ಹೆಸರು ಕೊಕ್ಕೆ ಸಾಹೇಬ್ರು.

ಒಂದು ವ್ಯಾಗನ್ನನ್ನು ಇನ್ನೊಂದಕ್ಕೆ ಹಿಡಿಸುವುದು ಅದರ ತುದಿಯ ಕೊಕ್ಕೆ. ಕಾಳುಮೆಣಸಿಗಿಂತ ತುಸು ದೊಡ್ಡದು. ಹಳಿಯಿಂದ ಎಲ್ಲ ಕೊಕ್ಕೆಗಳೂ ಒಂದೇ ಎತ್ತರದಲ್ಲಿದ್ದರೆ ರೈಲು ಗುಡ್ಡ ಹತ್ತುತ್ತದೆ. ಒಂದು ಮೇಲೆ ಒಂದು ಕೆಳಗೆ ಇದ್ದರೆ ಸಮನೆಲದಲ್ಲಿ ಹೇಗೋ ಸಂಸಾರ ಸಾಗೀತು, ಏರು ಶುರುವಾಗುವ ಜಾಗದಲ್ಲಿ ಒಂದರಿಂದೊಂದು ಜಾರಿ ರೈಲು ಎರಡು ತುಂಡಾಗುತ್ತದೆ. ಆ ಎತ್ತರ ಅಳೆಯಲು ಸಾಹೇಬರು ಹಿತ್ತಾಳೆಯಲ್ಲೊಂದು ಗೇಜು ಮಾಡಿಕೊಂಡಿದ್ದರು. ಹಳಿಯ ಮೇಲೆ ಕೂರುವ ಪುಟ್ಟ ತುಂಡು, ಅದರ ಮೂತಿಗೆ ಸರಿಯಾದ ಎತ್ತರದಲ್ಲೊಂದು ಕೊಕ್ಕೆ. ವ್ಯಾಗನ್ನನ್ನು ಅದರ ಪಕ್ಕ ತಂದು ನಿಲ್ಲಿಸಿದರೆ ಸತ್ಯ ಗೊತ್ತಾಗುತ್ತಿತ್ತು.

ಆ ಗೇಜನ್ನು ಅವರು ಯಾರ ಕೈಗೂ ಕೊಟ್ಟವರಲ್ಲ. ಅಂಗಿಯ ಜೇಬಿನಲ್ಲಿ ಬರುತ್ತಿತ್ತು, ಜೇಬಿನಲ್ಲೇ ಹೋಗುತ್ತಿತ್ತು. "ಅಂಗಡಿಯವರು ಕೂರಿಸಿದ ಎತ್ತರ ನಂಬ್ಲೇಬೇಡಿ, ನನ್ನ ಹತ್ರ ತನ್ನಿ" ಎಂದು ಎಲ್ಲರ ತಲೆಗೂ ತುಂಬಿಟ್ಟಿದ್ದರು. ಹೊಸ ವ್ಯಾಗನ್ ಕೊಂಡವರು ಅದನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ಇವರೆದುರು ಸಾಲಾಗಿ ನಿಲ್ಲುತ್ತಿದ್ದರು. ಸಾಹೇಬರು ಭೂತಗನ್ನಡಿ ಏರಿಸಿ, ತುಟಿ ಮುಂದೆ ಮಾಡಿ, "ಹೂಂ, ಇದ್ರ ಕತೆ ಮುಗೀತು" ಎಂದು ಮೊದಲು ಹೆದರಿಸಿ ಆಮೇಲೆ ಸರಿಮಾಡಿ ಕೊಡುತ್ತಿದ್ದರು. ವರ್ಷಕ್ಕೊಮ್ಮೆ ಊರವರಿಗೆಲ್ಲ ಕೋಣೆಯ ಬಾಗಿಲು ತೆರೆಯುವ ದಿನ, ಪ್ರತಿಯೊಬ್ಬ ಸದಸ್ಯರ ವ್ಯಾಗನ್ನುಗಳನ್ನೂ ಸೇರಿಸಿ ಕಟ್ಟಿದ ಉದ್ದ ರೈಲನ್ನು ಓಡಿಸುವ, ತಿರುಗಿಸಿದಷ್ಟೂ ವೇಗ ಏರಿಸುವ ಗುಬುಟು ಅವರ ಕೈಯಲ್ಲೇ ಇರುತ್ತಿತ್ತು. ಮಾವನೂ ಬಂದು ನೋಡುತ್ತಿದ್ದರು. ಆ ಒಂದು ದಿನ ದೊಡ್ಡಳಿಯ ನಿಜವಾಗಿಯೂ ದೊಡ್ಡಳಿಯ.

ಅಂಥ ಕೋಣೆಗೆ ಷಡ್ಡಕನನ್ನು ಕರೆತಂದದ್ದು ಸ್ವಂತ ಹೆಂಡತಿ. "ಪಾಪ, ಅವನಿಗೂ ಸಂಜೆ ಹೊತ್ತು ಹೋಗಲ್ವಂತೆ, ಜೊತೇಲಿ ಕರ್ಕೊಂಡು ಹೋಗಿ" ಎಂದಳು. ಹಾಸಿಗೆ ಮಾರುವವನಿಗೆ ಹೊತ್ತು ಹೋಗದಿದ್ದರೆ ಮಲಗಲಿ ಎಂದು ಸಾಹೇಬರ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಕರೆದುಕೊಂಡು ಹೋದರು. ಆ ಬೆರಳುಗಳಿಗೆ ಇಷ್ಟು ಸಣ್ಣ ತಿರುಪು ಸಿಗುವುದುಂಟೇ, ಎರಡು ವಾರದಲ್ಲಿ ಗಂಟುಮೂಟೆ ಕಟ್ಟುತ್ತಾನೆ ಎಂಬ ಧೈರ್ಯವಿತ್ತು.

ಅವನು ಗಂಟುಮೂಟೆ ಕಟ್ಟಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವನಿಗೆ ನಾಚಿಕೆಯೇ ಇರಲಿಲ್ಲ. "ಅಣ್ಣ, ಇದ್ಯಾಕೆ ಹೀಗೆ? ಅಣ್ಣ, ಅದ್ಯಾಕೆ ಹಾಗೆ?" ಎಂದು ಎಲ್ಲರೆದುರೇ ಕೇಳುತ್ತಿದ್ದ. ಎಲ್ಲರೆದುರು ಕೇಳಿದ ಮೇಲೆ ಹೇಳದೆ ಇರಲಾಗುತ್ತದೆಯೇ? ಗಾಲಿಗಳ ನಡುವಿನ ಅಂತರ ನೋಡುವುದು, ಪ್ಲಾಸ್ಟಿಕ್ ಗಾಲಿ ಕಿತ್ತು ಲೋಹದ್ದು ಹಾಕುವುದು, ಹಗುರ ವ್ಯಾಗನ್ನಿನ ಹೊಟ್ಟೆಗೆ ಸೀಸದ ತುಂಡು ಅಂಟಿಸುವುದು, ಒಂದು ಕಡೆಯ ಗಾಲಿಚೌಕಟ್ಟಿನ ತಿರುಪನ್ನು ಬಿಗಿಯಾಗಿಟ್ಟು ಇನ್ನೊಂದು ಕಡೆಯದನ್ನು ಒಂದು ಎಳೆ ಸಡಿಲ ಬಿಡುವುದು. ಸಾಹೇಬರು ಒಂದೊಂದನ್ನೂ ಹಲ್ಲು ಕೀಳಿಸಿಕೊಂಡವರಂತೆ ಹೇಳಿಕೊಟ್ಟರು.

ಒಂದು ಸಂಜೆ ಇಳಿಜಾರಿನ ಪರೀಕ್ಷೆ ನಡೆಯಿತು. ಓರೆಯಾಗಿಟ್ಟ ಹಲಗೆಯ ಮೇಲಿಂದ ವ್ಯಾಗನ್ನನ್ನು ಸುಮ್ಮನೆ ಕೈಬಿಡುವುದು, ಅದು ತಾನೇ ಉರುಳಿ ಎಷ್ಟು ದೂರ ಹೋಗುತ್ತದೋ ನೋಡುವುದು. ಸಾಹೇಬರ ವ್ಯಾಗನ್ ಎಂದಿನಂತೆ ಎಲ್ಲರದ್ದನ್ನೂ ದಾಟಿ ಸ್ಟೇಷನ್ನಿನವರೆಗೆ ಹೋಗಿ ನಿಂತಿತು. ಆಮೇಲೆ ಷಡ್ಡಕ ಬಿಟ್ಟ. ಅವನ ವ್ಯಾಗನ್ ಸದ್ದಿಲ್ಲದೆ ಉರುಳಿ ಸ್ಟೇಷನ್ ದಾಟಿತು, ಸಿಗ್ನಲ್ ದಾಟಿತು, ಸೇತುವೆಯ ಮೇಲೆ ಹೋಗಿ ನಿಧಾನಕ್ಕೆ ನಿಂತಿತು. ಸಾಹೇಬರ ಹೊಟ್ಟೆಯಲ್ಲಿ ಯಾರೋ ಒಲೆ ಹಚ್ಚಿದಂತಾಯಿತು.

"ಎಲ್ಲ ಅಣ್ಣ ಹೇಳ್ಕೊಟ್ಟಿದ್ದು" ಎಂದ ಷಡ್ಡಕ. ಅದು ಗಾಯಕ್ಕೆ ಉಪ್ಪು ಸವರಿದಂತಿತ್ತು. ಅಹಂಕಾರ ಪಟ್ಟಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಕ್ಲಬ್ಬಿನ ಅಧ್ಯಕ್ಷರಾದ ಬೇಕರಿಯವರು ಮೆಟ್ಟಿಲಿಳಿಯುವಾಗ ಸಾಹೇಬರ ಹೆಗಲ ಮೇಲೆ ಕೈ ಹಾಕಿದರು. "ಈ ಸಲ ಉದ್ದ ರೈಲು ನಿಮ್ಮ ಷಡ್ಡಕರ ಕೈಲಿ ಓಡಿಸೋಣ್ವಾ? ನಿಮಗೂ ಪ್ರತಿ ವರ್ಷ ಅದೇ ಕೆಲಸ, ಬೇಜಾರಾಗಿರ್ಬೇಕು."

"ಅಯ್ಯೋ, ಧಾರಾಳವಾಗಿ" ಎಂದರು ಸಾಹೇಬರು. ಆ ರಾತ್ರಿ ಊಟ ಸೇರಲಿಲ್ಲ.

ಮುಂದಿನ ವಾರ ಷಡ್ಡಕ ಕನ್ನಡಕದಂಗಡಿಗೇ ಬಂದ. ಗಿರಾಕಿ ಹೋಗುವವರೆಗೆ ಕಾದು, ಕೌಂಟರಿನ ಮೇಲೆ ಮೊಣಕೈಯೂರಿ ಕೇಳಿದ. "ಅಣ್ಣ, ನಿಮ್ಮ ಗೇಜು ಒಂದ್ಸಲ ಕೊಟ್ರೆ ಕೊಕ್ಕೆ ಎಲ್ಲ ಸರಿ ಮಾಡ್ಕೋತೀನಿ. ಪ್ರತಿ ಸಲ ನಿಮಗೇ ತೊಂದ್ರೆ ಕೊಡೋದು ಸರಿ ಅಲ್ಲ."

ಗೇಜು ಕೊಡುವುದೇ? ಇಷ್ಟೆಲ್ಲ ಕೊಟ್ಟ ಮೇಲೆ ಉಳಿದದ್ದು ಅದೊಂದೇ. ಇಲ್ಲ ಎಂದರೆ ನಾಳೆ ಹೆಂಡತಿಯ ಕಿವಿಗೆ, ನಾಡಿದ್ದು ಮಾವನ ಕಿವಿಗೆ ಹೋಗುತ್ತದೆ. ಆಗ ಸಾಹೇಬರ ಬಾಯಿಂದ, ಅವರಿಗೇ ಆಶ್ಚರ್ಯವಾಗುವಂತೆ, ಒಂದು ಮಾತು ಬಂತು. "ಹಳೇದ್ಯಾಕೆ? ನಿನಗೇ ಅಂತ ಹೊಸದೊಂದು ಮಾಡ್ಕೊಡ್ತೀನಿ."

ಮಾಡಿದರು. ಕನ್ನಡಕದ ಕಾಲು ಉಜ್ಜುವ ಅರದಲ್ಲಿ ಹಿತ್ತಾಳೆಯನ್ನು ಉಜ್ಜಿ, ಮೂಲೆ ನಯ ಮಾಡಿ, ಹಳೆಯದಕ್ಕಿಂತ ಚೆಂದವಾಗಿ ಮಾಡಿದರು. ಕೊಕ್ಕೆಯನ್ನು ಮಾತ್ರ ಒಂದು ಮಿಲಿಮೀಟರ್ ಮೇಲೆ ಕೂರಿಸಿದರು. ಒಂದೇ ಒಂದು. ಅವನ ವ್ಯಾಗನ್ನುಗಳೆಲ್ಲ ಒಂದು ಮಿಲಿಮೀಟರ್ ತಲೆಯೆತ್ತಿ ನಿಲ್ಲುತ್ತವೆ. ತಮ್ಮತಮ್ಮಲ್ಲೇ ಚೆನ್ನಾಗಿ ಹಿಡಿದುಕೊಂಡು ಓಡುತ್ತವೆ, ಅವನಿಗೆ ಅನುಮಾನವೇ ಬರುವುದಿಲ್ಲ. ಉದ್ದ ರೈಲಿನಲ್ಲಿ ಉಳಿದವರ ವ್ಯಾಗನ್ನುಗಳ ನಡುವೆ ಸೇರಿಸಿದ ದಿನ ಗುಡ್ಡದ ಬುಡದಲ್ಲಿ ಒಂದೊಂದಾಗಿ ಕಳಚಿಕೊಳ್ಳುತ್ತವೆ, ಊರೆಲ್ಲ ನೋಡುತ್ತಿರುವಾಗ. ಮಾವನೂ ನೋಡುತ್ತಿರುವಾಗ.

ಹೆಂಡತಿ ಬಾಗಿಲಲ್ಲಿ ನಿಂತು ಗೇಜು ನೋಡಿದಳು. "ಅವನಿಗಾ? ಎಷ್ಟು ಚೆನ್ನಾಗಿ ಮಾಡಿದೀರಿ. ಅಂತೂ ಸ್ವಂತ ತಮ್ಮನ ಥರ ನೋಡೋಕೆ ಶುರು ಮಾಡಿದ್ರಲ್ಲ" ಎಂದವಳ ದನಿ ಮೆತ್ತಗಾಗಿತ್ತು. ಸಾಹೇಬರಿಗೆ ಒಂದು ಗಳಿಗೆ ಕೈ ತಡೆಯಿತು. ಆದರೆ ಅವಳು ಹಾಗೇ ಹೊರಟುಹೋಗಬೇಕಿತ್ತು. "ಅವನ ಕೈಗುಣವೇ ಬೇರೆ ಬಿಡಿ" ಎಂದು ಸೇರಿಸಿದಳು. ಗೇಜು ಹಾಗೆಯೇ ಉಳಿಯಿತು.

ಗೇಜು ಕೊಟ್ಟ ಮೇಲೆ ಸಾಹೇಬರು ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ಅಂಗಡಿಯಲ್ಲಿ ಕೆಲಸ ಎಂದರು, ನೆಗಡಿ ಎಂದರು. ಅವನು ಕೊಕ್ಕೆ ಕೂರಿಸುವ ಹೊತ್ತಿಗೆ ತಾವು ಅಲ್ಲಿದ್ದಿರಬಾರದು, ಆಮೇಲೆ ಯಾರೂ ತಮ್ಮತ್ತ ಬೆರಳು ತೋರಿಸಬಾರದು ಎಂಬ ಲೆಕ್ಕಾಚಾರ. ತಮ್ಮ ಪಾಲಿನ ನಾಲ್ಕು ವ್ಯಾಗನ್ನುಗಳನ್ನು ಮನೆಯಲ್ಲೇ ಹಳೆಯ ಗೇಜಿಗೆ ಇನ್ನೊಮ್ಮೆ ಹಿಡಿದು, ಕೂದಲೆಳೆ ಕೂಡ ಹೆಚ್ಚುಕಮ್ಮಿಯಾಗದಂತೆ ನೋಡಿಕೊಂಡರು. ಆ ದಿನಗಳಲ್ಲಿ ಅವರಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಬಾಗಿಲು ತೆರೆಯುವ ದಿನ ಬೆಳಿಗ್ಗೆ ಬೇಗನೆ ಹೋದರು. ಜನ ಬರುವ ಮುಂಚೆ ಒಂದು ಸುತ್ತು ಓಡಿಸಿ ನೋಡುವುದು ವಾಡಿಕೆ. ಹೆಂಡತಿ, ನಾದಿನಿ, ಮಾವ ಗೋಡೆ ಪಕ್ಕದ ಕುರ್ಚಿಗಳಲ್ಲಿ ಕೂತಿದ್ದರು. ಕೆಳಗಿನಿಂದ ಬಿಸಿ ಬ್ರೆಡ್ಡಿನ ವಾಸನೆ ಬರುತ್ತಿತ್ತು. ಬೇಕರಿಯವರು ಪ್ರತಿಯೊಬ್ಬರ ವ್ಯಾಗನ್ನುಗಳನ್ನೂ ಹಳಿಗೆ ಜೋಡಿಸಿದರು. ಗುಬುಟು ಷಡ್ಡಕನ ಕೈಯಲ್ಲಿ.

ರೈಲು ಹೊರಟಿತು. ಗುಡ್ಡದ ಬುಡಕ್ಕೆ ಬಂದದ್ದೇ ತಡ, ಟಕ್ಕೆಂದು ಸದ್ದಾಯಿತು. ರೈಲಿನ ಮುಂದಿನ ಅರ್ಧ ಗುಡ್ಡ ಹತ್ತಿತು, ಹಿಂದಿನ ಅರ್ಧ ಅಲ್ಲೇ ಉಳಿಯಿತು. ಸಾಹೇಬರು ಒಳಗೊಳಗೇ ಹಿಗ್ಗಿದರು. ಮುಖದಲ್ಲಿ ಮರುಕ ತಂದುಕೊಂಡು ಬಗ್ಗಿ ನೋಡಿದರು.

ಬಿಟ್ಟುಕೊಂಡಿದ್ದದ್ದು ಅವರದೇ ವ್ಯಾಗನ್ನು.

ಮತ್ತೆ ಜೋಡಿಸಿದರು. ಮತ್ತೆ ಟಕ್. ಮೂರನೇ ಸಲ ಸಾಹೇಬರ ನಾಲ್ಕನ್ನೂ ಒಟ್ಟಿಗೆ ಹಿಂದಕ್ಕೆ ಹಾಕಿದರು. ಉಳಿದ ರೈಲು ಗುಡ್ಡ ಹತ್ತಿ ಸೇತುವೆ ದಾಟಿ ಅಡ್ಡಾಡಿ ಬಂತು, ಇವರ ನಾಲ್ಕು ಮಾತ್ರ ಮದುವೆ ಮನೆಯಲ್ಲಿ ಮಾತು ಬಿಟ್ಟ ನೆಂಟರಂತೆ ಬೇರೆಯೇ ನಿಂತಿದ್ದವು.

"ಏನಾಗಿದೆ ಸಾಹೇಬ್ರೆ ನಿಮ್ಮವಕ್ಕೆ?" ಡ್ರಾಯಿಂಗ್ ಮೇಡಂ ಕೇಳಿದರು. "ಉಳಿದವೆಲ್ಲ ಒಂದೇ ಸಮ ಇವೆ. ನಾವೆಲ್ಲ ನಿಮ್ಮ ಹೊಸ ಗೇಜಿಗೇ ಸರಿ ಮಾಡಿದ್ವಲ್ಲ."

"ನೀವೆಲ್ಲ?" ಎಂದರು ಸಾಹೇಬರು.

"ನೀವು ಈ ಕಡೆ ಬರ್ಲೇ ಇಲ್ಲ, ಹಳೇ ಗೇಜು ಯಾವತ್ತೂ ಕೊಡ್ತಾನೇ ಇರ್ಲಿಲ್ಲ" ಎಂದರು ಬೇಕರಿಯವರು. "ಇವರು ತಮ್ಮದನ್ನ ಎಲ್ಲರಿಗೂ ಕೊಟ್ರು. ಒಬ್ಬೊಬ್ಬರ ಜೊತೇನೂ ಕೂತು ವಾಷರ್ ಹಾಕಿ ಎತ್ತರಿಸಿಕೊಟ್ರು. ಇಂಜಿನ್ ಕೊಕ್ಕೆ ಕೂಡ. ಮೊದಲು ನನಗೆ ಅನುಮಾನ ಇತ್ತು, ಅಂಗಡಿಯಿಂದ ಬಂದವೂ ತಗ್ಗು, ನೀವು ಹಿಂದೆ ಕೂರಿಸಿಕೊಟ್ಟವೂ ತಗ್ಗು. ಆದ್ರೆ ಅಂಗಡಿ ಎತ್ತರ ನಂಬಬೇಡಿ ಅಂತ ನೀವೇ ಹೇಳಿದೀರಲ್ಲ, ಹೊಸ ಗೇಜು ಮಾಡಿದ್ದೂ ನೀವೇ."

ಸಾಹೇಬರ ಜೇಬಿನಿಂದ ಹಳೆಯ ಗೇಜು ಹೊರಗೆ ಬಂತು. ಬೇಕರಿಯವರು ಹೊಸದನ್ನು ಅದರ ಎದುರಿಗೆ ಹಳಿಯ ಮೇಲಿಟ್ಟರು. ಎರಡು ಹಿತ್ತಾಳೆ ಕೊಕ್ಕೆಗಳು ಮುಖಾಮುಖಿಯಾದವು. ಒಂದು ಮೇಲೆ, ಒಂದು ಕೆಳಗೆ. ಕನ್ನಡಕವಿಲ್ಲದೆ ಮಾವನಿಗೂ ಕಂಡಿರಬೇಕು.

"ಎರಡೂ ಮಾಡಿದವರು ನೀವೇ" ಎಂದರು ಬೇಕರಿಯವರು. "ನೀವೇ ಹೇಳಿ. ಯಾವುದು ಸರಿ?"

ಕೋಣೆಯವರೆಲ್ಲ ಇವರತ್ತ ತಿರುಗಿದರು. ಹಳೆಯದು ಸರಿ ಎಂದರೆ ಹೊಸದು ಹೇಗೆ ತಪ್ಪಾಯಿತು ಎಂದು ಹೇಳಬೇಕು. ಕೈತಪ್ಪಿತು ಎನ್ನೋಣವೆಂದರೆ, ಕೊಕ್ಕೆ ಸಾಹೇಬರ ಕೈ ಒಂದು ಮಿಲಿಮೀಟರ್ ತಪ್ಪುತ್ತದೆ ಎಂದರೆ ಆ ಹೆಸರಿನಲ್ಲಿ ಉಳಿಯುವುದೇನು? ಹೊಸದೇ ಸರಿ ಎಂದರೆ ಇಷ್ಟು ವರ್ಷ ತಾವು ಎಲ್ಲರಿಗೂ ಕೂರಿಸಿಕೊಟ್ಟ ಕೊಕ್ಕೆಗಳೆಲ್ಲ ತಪ್ಪು. ಕೆಳಗೆ ಬೀದಿಯಲ್ಲಿ ಜನ ಸೇರುವ ಸದ್ದು ಕೇಳಿಸುತ್ತಿತ್ತು.

ಷಡ್ಡಕ ಇವರ ಮುಖ ನೋಡಿದ. ಅಲ್ಲಿ ಏನು ಕಂಡನೋ, ತಾನೇ ಮಾತಿಗೆ ಬಂದ. "ಇದರಲ್ಲಿ ಕೇಳೋದೇನಿದೆ? ಅಣ್ಣ ಹಳೇದರ ತಪ್ಪು ತಿದ್ದಿ ಹೊಸದು ಮಾಡಿದಾರೆ. ತಿದ್ದಿದ್ದನ್ನ ನನಗೆ ಕೊಟ್ಟು ತಾವು ಹಳೇದನ್ನೇ ಇಟ್ಕೊಂಡಿದಾರೆ. ಹಾಗಂತ ಬಾಯಿಬಿಟ್ಟು ಹೇಳೋ ಜಾಯಮಾನ ಅಲ್ಲ ಅವರದು."

"ಹೌದು" ಎಂದರು ಸಾಹೇಬರು. "ಹೊಸದೇ ಸರಿ."

ಹೆಂಡತಿಯ ಕಣ್ಣು ತುಂಬಿಬಂತು. ಮಾವ ತಲೆದೂಗಿ, "ದೊಡ್ಡ ಮನಸ್ಸು" ಎಂದರು. ಮದುವೆಯಾದ ಮೇಲೆ ಮೊದಲ ಸಲ ಆ ಬಾಯಿಂದ ಹೊಗಳಿಕೆ ಬಂದಿತ್ತು. ಸಾಹೇಬರಿಗೆ ನಿಂತ ನೆಲ ಬಾಯ್ಬಿಡಬಾರದೇ ಎನಿಸಿತು.

"ಕೊಡಿ ಅಣ್ಣ, ಐದು ನಿಮಿಷ" ಎಂದು ಷಡ್ಡಕ ಅವರ ನಾಲ್ಕು ವ್ಯಾಗನ್ನುಗಳನ್ನೂ ಮಗುಚಿ ಕೂತ. ಸಾಹೇಬರು ಪಕ್ಕದಲ್ಲಿ ನಿಂತು ನೋಡಿದರು. ಕೊಕ್ಕೆ ಸರಿಯಾಗಿದೆ ಎಂದು ಇಡೀ ಕೋಣೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಆ ಸರಿಯಾದ ನಾಲ್ಕನ್ನು ಅವನು ಒಂದೊಂದಾಗಿ ತಪ್ಪು ಮಾಡುತ್ತಿದ್ದ, ಅದೂ ಎಂಥ ಅಕ್ಕರೆಯಿಂದ. ಕೈಯಲ್ಲಿದ್ದಾಗಲೇ ಗಾಲಿಗಂಟಿದ ಧೂಳು ಒರೆಸಿದ, ಒಂದರ ತಿರುಪನ್ನು ತುಸು ಸಡಿಲಿಸಿದ.

ಬಾಗಿಲು ತೆರೆಯಿತು. ಜನ ಒಳಗೆ ನುಗ್ಗಿದರು. ಷಡ್ಡಕ ಗುಬುಟನ್ನು ತಂದು ಸಾಹೇಬರ ಅಂಗೈಗಿಟ್ಟ. "ಇದು ನಿಮ್ಮ ಜಾಗ ಅಣ್ಣ. ನನಗೆ ಶೋಭಿಸಲ್ಲ."

ಬೇಕೆಂದದ್ದು ಕೈಗೇ ಬಂದಿತ್ತು. ಸಾಹೇಬರು ತಿರುಗಿಸಿದರು. ಉದ್ದ ರೈಲು ಅಲುಗಿ, ಹೊರಟು, ಗುಡ್ಡದ ಬುಡಕ್ಕೆ ಬಂತು. ಇಂಜಿನ್ ಹತ್ತಿತು. ಬೇಕರಿಯವರವು ಹತ್ತಿದವು, ಮೇಡಂ ಅವರವು ಹತ್ತಿದವು, ಷಡ್ಡಕನವು ಹತ್ತಿದವು. ಕೊನೆಗೆ ಸಾಹೇಬರ ನಾಲ್ಕು. ಅವು ಹಿಂದೆಂದೂ ಹೀಗೆ ಓಡಿರಲಿಲ್ಲ. ಸದ್ದಿಲ್ಲ, ಅಲುಗಾಟವಿಲ್ಲ. ತಮ್ಮ ಕೈಯಲ್ಲಿ ಇಷ್ಟು ವರ್ಷ ಇದ್ದ ವ್ಯಾಗನ್ನುಗಳು ಅವನ ಕೈಯಲ್ಲಿ ಐದು ನಿಮಿಷ ಇದ್ದು ಬಂದು ಹೀಗೆ ಓಡುತ್ತಿದ್ದವು.

ಬಿಟ್ಟುಕೊಳ್ಳಲಿ, ಎಂದುಕೊಂಡರು ಸಾಹೇಬರು. ಎಲ್ಲರ ಎದುರಿಗೆ, ಗುಬುಟು ನನ್ನ ಕೈಯಲ್ಲಿರುವಾಗಲೇ ಆದರೂ ಸರಿ, ಅವನು ಹಾಕಿದ ಒಂದು ಕೊಕ್ಕೆಯಾದರೂ ಬಿಟ್ಟುಕೊಳ್ಳಲಿ.

"ನೋಡಿ ಅಣ್ಣ, ಎಲ್ಲಕ್ಕಿಂತ ನಿಮ್ಮವೇ ಚೆನ್ನಾಗಿ ಓಡ್ತಿವೆ" ಎಂದ ಷಡ್ಡಕ ಪಕ್ಕದಲ್ಲಿ.

ಸಾಹೇಬರು ಗುಬುಟನ್ನು ಇನ್ನಷ್ಟು ತಿರುಗಿಸಿದರು. ರೈಲು ವೇಗ ಹಿಡಿಯಿತು.

"ನಿಧಾನ ಅಣ್ಣ" ಎಂದು ಅವನು ಮೆಲ್ಲಗೆ ಹೇಳಿದ.

ಅವರು ಮತ್ತೂ ತಿರುಗಿಸಿದರು. ಜನ ಚಪ್ಪಾಳೆ ತಟ್ಟಿದರು. ಒಂದು ಕೊಕ್ಕೆಯೂ ಬಿಡಲಿಲ್ಲ.