ಎಡಕ್ಕೆ ವಾಲಿದ ಬಸ್ಸು

ಹೆತ್ತೂರಿನಿಂದ ಸಕಲೇಶಪುರಕ್ಕೆ ಹೋಗುವ ರಂಗಸ್ವಾಮಿಯ ಬಸ್ಸು ಎಡಕ್ಕೆ ವಾಲುತ್ತಿತ್ತು. ಹತ್ತಿದ ಗಂಡಸರೆಲ್ಲ ಹೇಳಿಸಿಕೊಳ್ಳದೆ ಬಲಗಡೆ ಕೂರುತ್ತಿದ್ದರು. ಸೀಟು ಸಿಗದವರು ಬಲಗಡೆಗೇ ಒತ್ತಿ ನಿಲ್ಲುತ್ತಿದ್ದರು. ಯಾರೂ ದೂರುತ್ತಿರಲಿಲ್ಲ. ಒಗ್ಗಿಹೋದ ಮೇಲೆ ಅಪಾಯವೂ ಅಪಾಯದಂತೆ ಕಾಣುವುದಿಲ್ಲ.

ಅದು ಎರಡು ಸಾವಿರದ ಐದನೇ ಇಸವಿ. ಬಸ್ಸು ಹಳೆಯ ಟೂರಿಸ್ಟ್ ಗಾಡಿ. ಹಿಂದಿನ ಚಕ್ರಗಳ ಬಳಿ ಕಬ್ಬಿಣದ ಪ್ಲೇಟುಗಳ ಬದಲು ಭಾರ ಹೊರಲು ರಬ್ಬರಿನ ಗಾಳಿ ಬಲೂನುಗಳಿದ್ದವು. ಎಡಗಡೆಯದು ಸೀಳಿತ್ತು. ಬಸ್ಸಿನ ಎತ್ತರಕ್ಕೆ ತಕ್ಕಂತೆ ಗಾಳಿ ಬಿಡುವ, ತುಂಬುವ ಸಣ್ಣದೊಂದು ಸರಳು ಅಲ್ಲಿರುತ್ತದೆ. ಸದಾ ಗಾಳಿ ತುಂಬುತ್ತಿರಲಿ ಎಂದು ರಂಗಸ್ವಾಮಿ ಅದನ್ನು ತೋಟದ ಬೇಲಿ ತಂತಿಯಿಂದ ಬಿಗಿದಿದ್ದ. ಗಾಳಿ ತುಂಬುತ್ತಲೇ ಇತ್ತು, ಸೋರುತ್ತಲೇ ಇತ್ತು.

ಅವನ ಹೆಂಡತಿ ಸುಮಿತ್ರಮ್ಮ ಹೆಚ್ಚು ಮಾತಿನವಳಲ್ಲ. ಇಳಿಜಾರಿನಲ್ಲಿ ಬ್ರೇಕಿನ ಗಾಳಿ ಕಡಿಮೆಯಾಗಿ ಎಚ್ಚರಿಕೆಯ ಬಜರ್ ಕೂಗಿದ್ದನ್ನು ಮಗಳು ದೀಪಶ್ರೀ ಮನೆಗೆ ಬಂದು ಹೇಳಿದ ದಿನ, ಇನ್ನು ಮಗುವನ್ನು ಆ ಬಸ್ಸಿನಲ್ಲಿ ಶಾಲೆಗೆ ಕಳಿಸುವುದಿಲ್ಲ ಎಂದಷ್ಟೇ ಹೇಳಿದಳು. ಆಮೇಲೆ ಹಾಸನದ ವರ್ಕ್‌ಶಾಪೊಂದರಲ್ಲಿ ಬಸ್ಸು ರಿಪೇರಿ ಮಾಡುವ ತಮ್ಮ ನಟರಾಜನಿಗೆ ಫೋನು ಮಾಡಿದಳು.

ಭಾನುವಾರ ಅವನು ಎರಡು ಹೊಸ ಬಲೂನು ತಂದ. ರಂಗಸ್ವಾಮಿಗೆ ಅದು ದುಂದು ಅನಿಸಿತು.

"ಬಲಗಡೇದು ಚೆನ್ನಾಗೈತಲ್ಲೋ ಮಾರಾಯ. ಅದನ್ಯಾಕೆ ಕೀಳ್ತೀಯ?"

"ಎರಡಕ್ಕೂ ಒಂದೇ ವಯಸ್ಸು ಭಾವ. ಮಡಿಕೆ ನೋಡಿ, ಬಿರುಕು ಬಿಟ್ಟೈತೆ. ಒಂದನ್ನೇ ಹಾಕಿದ್ರೆ ತಿಂಗಳೊಳಗೆ ಬಸ್ಸು ಆ ಕಡೆ ವಾಲುತ್ತೆ. ಜನಾನ ಎಡಕ್ಕೆ ಕೂರಿಸ್ತೀರೇನು?"

ಸುಮಿತ್ರಮ್ಮ ನಕ್ಕಳು. ರಂಗಸ್ವಾಮಿ ನಗಲಿಲ್ಲ.

ಬಲೂನಿಗೂ ಬ್ರೇಕಿಗೂ ಗಾಳಿ ಬರುವುದು ಒಂದೇ ಕಂಪ್ರೆಸರಿನಿಂದ ಎಂದು ನಟರಾಜ ವಿವರಿಸಿದ. ಇಲ್ಲಿ ಸೋರಿದರೆ ಅಲ್ಲಿ ಕಡಿಮೆಯಾಗಬಹುದು. ಇದನ್ನು ಕೇಳಿ ರಂಗಸ್ವಾಮಿ ಎರಡನ್ನೂ ಬದಲಿಸಲು ಒಪ್ಪಿದ. ಆದರೂ ಕೆಲಸ ಬೇಗ ಮುಗಿಯಲಿ ಎಂದು ಜಾಕು ಹಚ್ಚಿ ಬಸ್ಸು ಎತ್ತಿ, ಅಡಿಗೆ ನುಗ್ಗಲು ಮಂಡಿಯೂರಿದ. ನಟರಾಜ ಅವನ ತೋಳು ಹಿಡಿದ.

"ಜಾಕ್ ನಂಬ್ಕಂಡು ಅಡೀಗೆ ಹೋಗ್ಬೇಡಿ. ಗಾಳಿ ನಂಬ್ಕಂಡಂತೂ ಬೇಡವೇ ಬೇಡ."

ಮೀಟರ್‌ಗೇಜ್ ರೈಲು ಹಳಿ ಕಿತ್ತಾಗ ಕೊಂಡಿದ್ದ, ಹಳಿಯಡಿಯ ಸ್ಲೀಪರ್ ದಿಮ್ಮಿಗಳು ಹಿತ್ತಲಲ್ಲಿದ್ದವು. ರಂಗಸ್ವಾಮಿ ಗೊಣಗುತ್ತಲೇ ಅವನ್ನು ತಂದು ಚಾಸಿಯ ಕೆಳಗೆ ಎರಡೂ ಕಡೆ ಜೋಡಿಸಿದ. ಚಕ್ರಗಳಿಗೆ ಕಲ್ಲು ಕೊಟ್ಟರು. ನಟರಾಜ ಹೊರಗಿನಿಂದಲೇ ಬಲಗಡೆಯ ಗಾಳಿ ಬಿಟ್ಟ. ಭಾರ ಜಾಕಿನ ಮೇಲೆ ಬಿತ್ತು. ಒದ್ದೆ ನೆಲದಲ್ಲಿ ಜಾಕು ಓರೆಯಾಗಿ ಕುಸಿಯಿತು. ಬಸ್ಸು ದಡಕ್ಕನೆ ಸ್ಲೀಪರಿನ ಮೇಲೆ ಕೂತಿತು.

ರಂಗಸ್ವಾಮಿ ತನ್ನ ತಲೆ ಇರಬಹುದಾಗಿದ್ದ ಜಾಗವನ್ನೇ ನೋಡುತ್ತ ನಿಂತ. ಸುಮಿತ್ರಮ್ಮ ಒಳಗೆ ಹೋಗಿ ನೀರು ತಂದುಕೊಟ್ಟಳು. ಅವನು ಕುಡಿದ.

ಹೊಸ ಬಲೂನು ಕೂರಿಸಿದ ಮೇಲೆ ಗಟ್ಟಿಯಾಗಿ ತುಂಬು, ಮೂಟೆ ಹಾಕಿದರೂ ಬಗ್ಗದಿರಲಿ ಎಂದು ರಂಗಸ್ವಾಮಿ ಈ ಸಲ ಹಟ ಹಿಡಿಯಲಿಲ್ಲ. ಎಷ್ಟು ತುಂಬಬೇಕು ಎಂದು ಕೇಳಿದ.

"ಗಾಡಿ ಪುಸ್ತಕದಲ್ಲಿ ಎಷ್ಟೈತೋ ಅಷ್ಟೇ. ಜಾಸ್ತಿ ಆದ್ರೆ ಬಸ್ಸು ಎತ್ತರ ಆಗಿ ತಿರುವಲ್ಲಿ ತೂಗಾಡುತ್ತೆ. ಕಮ್ಮಿ ಆದ್ರೆ ಬಲೂನು ಉಜ್ಜಿ ಹರಿದೋಗುತ್ತೆ."

ಚಕ್ರ ನೆಲಕ್ಕೂರಿದೆ, ಬಲೂನು ಜೋತಾಡುತ್ತಿಲ್ಲ, ತಿರುಚಿಲ್ಲ ಎಂದು ನೋಡಿಕೊಂಡು ನಟರಾಜ ನಿಧಾನವಾಗಿ ಗಾಳಿ ತುಂಬಿದ. ಬಸ್ಸು ಸ್ಲೀಪರಿನಿಂದ ಮೇಲೆದ್ದಿತು. ಸುಮಿತ್ರಮ್ಮ ಸೋಪು ನೀರು ಕದಡಿ ಕೊಟ್ಟಳು. ಜೋಡಣೆಗಳಿಗೆ ಹಚ್ಚಿದಾಗ ಎಲ್ಲೂ ಗುಳ್ಳೆ ಏಳಲಿಲ್ಲ. ಎರಡೂ ಕಡೆಯ ಎತ್ತರ ಅಳೆದು ಸರಿ ಮಾಡಿದರು. ಬೇಲಿ ತಂತಿಯನ್ನು ರಂಗಸ್ವಾಮಿಯೇ ಬಿಚ್ಚಿ ಎಸೆದ.

ಸೋಮವಾರ ಬೆಳಿಗ್ಗೆ ಸುಮಿತ್ರಮ್ಮ ಮಗಳ ಜಡೆ ಹೆಣೆದು, ಬಸ್ಸಿನವರೆಗೆ ಬಂದು, ತಾನೇ ಹತ್ತಿಸಿದಳು.

ನಿಮ್ಮ ಗಾಡಿಗೂ ಗಾಳಿ ಬಲೂನು ಇದೆಯೇ? ವಾರಕ್ಕೊಮ್ಮೆ ಬಿರುಕು, ಸೋರಿಕೆ ನೋಡಿ. ಬದಲಿಸುವಾಗ ಜೋಡಿಯಾಗಿ, ತಿಳಿದವರ ಕೈಯಲ್ಲೇ ಬದಲಿಸಿ. ಗಟ್ಟಿ ಆಸರೆ ಕೊಡದೆ ಗಾಡಿಯ ಅಡಿಗೆ ಹೋಗಬೇಡಿ. ಗಾಡಿ ಪುಸ್ತಕದಲ್ಲಿ ಹೇಳಿದಷ್ಟೇ ಗಾಳಿ ತುಂಬಿ. ಒಂದು ದಿನ ಟ್ರಿಪ್ಪು ತಪ್ಪಿದರೆ ಜನ ಬೈಯುತ್ತಾರೆ, ಮರುದಿನ ಮರೆಯುತ್ತಾರೆ. ಘಾಟಿಯ ಇಳಿಜಾರಿನಲ್ಲಿ ಬ್ರೇಕು ತಪ್ಪಿದರೆ ಬೈಯುವವರೂ ಉಳಿಯುವುದಿಲ್ಲ.