ಜೂದಾಸನ ಹೊಟ್ಟೆಗೆ ಕಾಗದ

ನಲವತ್ತೊಂದು ದಿನಗಳ ಮೇಲೆ ಎವಾರಿಸ್ತಾಳ ಪುಸ್ತಕದಂಗಡಿಗೆ ಮುಂಬಾಗಿಲಿನಿಂದ ಒಬ್ಬರು ಬಂದರು. ಬಂದವಳು ಗುಮರ್ಸಿಂದಾ, ಆಳುವ ಪಕ್ಷದ ಊರಿನ ಶಾಖೆಯಲ್ಲಿ ಹೆಂಗಸರ ಮುಖಂಡೆ. ಅವಳ ಮಗಳಿಗೆ ಇಗರ್ಜಿಯ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವಳು ಎವಾರಿಸ್ತಾ. ಅಂದಿನಿಂದ ಇಬ್ಬರೂ ಪರಸ್ಪರ ಕೊಮಾದ್ರೆ ಎಂದೇ ಕರೆದುಕೊಳ್ಳುತ್ತಿದ್ದರು.

“ಏನೇ ಕೊಮಾದ್ರೆ, ಇನ್ನೂ ಬದುಕಿದೀಯಾ?”

“ಇದೀನಿ ಕಣೆ. ಕೂತ್ಕೋ. ತೆರೆರೆ ಕುಡೀತೀಯಾ?”

ಗುಮರ್ಸಿಂದಾ ಕೂತಳು. ಎವಾರಿಸ್ತಾ ಹೀರಿದ ಕೊಳವೆಯಲ್ಲೇ ಬಾಯಿಟ್ಟು ತಣ್ಣನೆಯ ಕಷಾಯ ಹೀರಿದಳು. ಎವಾರಿಸ್ತಾಳ ಕಣ್ಣು ತುಂಬಿತು.

ಮೇ ತಿಂಗಳಲ್ಲಿ ರಾಜಧಾನಿ ಅಸುನ್ಸಿಯೋನ್‌ನಿಂದ ಬಂದ ವಕೀಲನೊಬ್ಬ ಅವಳ ಅಂಗಡಿಯಲ್ಲಿ ನಿಂತು ತಾನು ಬರೆದ ಪುಸ್ತಕವನ್ನು ಜನರಿಗೆ ಓದಿ ಹೇಳಿದ್ದ. ಜಿಲ್ಲೆಯ ಸರ್ಕಾರಿ ಭೂಮಿ ಯಾರ ಕೈ ಸೇರಿತೆಂಬ ಪುಸ್ತಕ. ಮೂರು ಪುಟಗಳಲ್ಲಿ ಊರಿನ ಶಾಸಕನ ಹೆಸರಿತ್ತು. ಮರುದಿನ ಬೆಳಿಗ್ಗೆ ಎಲ್ಲರ ಫೋನಿಗೂ ಶಾಖೆಯ ಸಂದೇಶ ಬಂತು: ಆ ಅಂಗಡಿಯಿಂದ ಒಂದು ರಬ್ಬರ್ ಕೂಡ ಕೊಳ್ಳಬೇಡಿ. ಯಾರೂ ಕಲ್ಲು ಹೊಡೆಯಲಿಲ್ಲ. ಅವಳ ಅಂಗಡಿ ಬಂದಾಗ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದರು, ಅಷ್ಟೆ. ಶಾಲೆಯವರು ನೋಟ್‌ಬುಕ್ಕುಗಳನ್ನು ಪಕ್ಕದ ಊರಿನಿಂದ ಬಸ್ಸಿನಲ್ಲಿ ತರಿಸಿದರು. ನಿವೃತ್ತ ಮೇಷ್ಟ್ರು ಅನಾಸ್ತಾಸಿಯೋ ಒಬ್ಬರು ಮಾತ್ರ ಪ್ರತಿ ಮಂಗಳವಾರ ಹಿತ್ತಲಿನಿಂದ, ಅಡುಗೆಮನೆ ಹಾದು ಬಂದು ಒಂದು ಕಾದಂಬರಿ ಕೊಂಡು ಅಂಗಿಯೊಳಗಿಟ್ಟುಕೊಂಡು ಹೋಗುತ್ತಿದ್ದರು. “ಮುಂದಿನಿಂದ ಬಂದ್ರೆ ಸೊಸೆ ಸರ್ಕಾರಿ ಆಸ್ಪತ್ರೆ ಕೆಲಸ ಹೋಗುತ್ತಮ್ಮ,” ಎಂದಿದ್ದರು.

“ಶನಿವಾರ ಸಾನ್ ಹುವಾನ್ ಹಬ್ಬ,” ಎಂದಳು ಗುಮರ್ಸಿಂದಾ. “ಜೂದಾಸನ ಹೊಟ್ಟೆಗೆ ಕಾಗದ ಬೇಕು. ಪ್ರತಿ ವರ್ಷ ನೀನೇ ತಾನೆ ಕೊಡೋದು?”

ಹೌದು, ಪ್ರತಿ ವರ್ಷ. ಶಾಖೆಯವರು ಯೇಸುವಿಗೆ ದ್ರೋಹ ಬಗೆದ ಜೂದಾಸನ ಬಟ್ಟೆಯ ಗೊಂಬೆ ಹೊಲಿದು, ಕಂಬಕ್ಕೆ ನೇತುಹಾಕಿ, ಪಟಾಕಿ ಸಮೇತ ಸುಡುತ್ತಿದ್ದರು. ಅವನೊಳಗೆ ತುಂಬುವುದು ಈ ಅಂಗಡಿಯ ರದ್ದಿ. ತನ್ನನ್ನು ಮತ್ತೆ ಊರಿನೊಳಕ್ಕೆ ಸೇರಿಸಿಕೊಂಡರು ಎಂದುಕೊಂಡ ಎವಾರಿಸ್ತಾ ನಾಲ್ಕು ಚೀಲ ತುಂಬಿದಳು. ಮುಖಕ್ಕಿರಲಿ ಎಂದು ಮಾರಾಟದ ಬಣ್ಣದ ಕಾಗದವನ್ನೂ ಇಟ್ಟಳು.

“ಈ ಸಲ ಯಾರ ಮುಖ ಮಾಡ್ತೀರೇ?”

“ಬಾ, ನೋಡ್ತೀಯಲ್ಲ.”

ಶನಿವಾರ ಸಂಜೆ ಅವಳು ನೋಡಿದಳು. ಕಂಬದ ಮೇಲೆ ಬೂದು ಲಂಗ, ತಂತಿಯ ಕನ್ನಡಕ, ಕಂಕುಳಲ್ಲಿ ಒಂದು ಪುಸ್ತಕ. ಜನ ಗೊಂಬೆಯನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ಗೊಂಬೆಯನ್ನು.

“ಗೊಂಬೆಗೇ ಸೊಂಟ ಸಣ್ಣ ಇದೆ ನೋಡ್ರೋ!” ಎಂದು ಯಾರೋ ಕೂಗಿದರು. ಜನ ಬಿದ್ದು ಬಿದ್ದು ನಕ್ಕರು.

ಗುಮರ್ಸಿಂದಾ ಉರಿಯುವ ಕೊಳ್ಳಿ ಹಿಡಿದು ಬಂದಳು. “ತಗೋ ಕೊಮಾದ್ರೆ, ನೀನೇ ಹಚ್ಚು. ಒಂದ್ಸಲ ಎಲ್ಲಾ ನಕ್ಕುಬಿಡೋಣ. ಸೋಮವಾರದಿಂದ ಅಂಗಡೀಗೆ ಬರ್ತೀವಿ. ಹಚ್ಚಲ್ಲ ಅಂದ್ರೆ ನಿನ್ನಿಷ್ಟ.”

ಇಪ್ಪತ್ತಾರು ವರ್ಷದ ಅಂಗಡಿ. ಎವಾರಿಸ್ತಾ ಕೊಳ್ಳಿ ತೆಗೆದುಕೊಂಡು ಲಂಗದ ಅಂಚಿಗೆ ಹಿಡಿದಳು. ಒಳ್ಳೆಯ ಒಣ ಕಾಗದ, ಥಟ್ಟನೆ ಹತ್ತಿಕೊಂಡಿತು. ಪಟಾಕಿ ಮೊದಲು ಸಿಡಿದದ್ದು ಎದೆಯಲ್ಲಿ. ಎಲ್ಲರ ಜೊತೆ ಅವಳೂ ಚಪ್ಪಾಳೆ ತಟ್ಟಿದಳು. ಯಾರೋ ಬಿಸಿ ಗೆಣಸಿನ ರೊಟ್ಟಿಯ ತಟ್ಟೆಯನ್ನು ಕೈಗಿಟ್ಟರು. ಪೂರ್ತಿ ತಿಂದಳು.

ಸೋಮವಾರ ಎಂಟು ಗಂಟೆಗೇ ಅಂಗಡಿಯಲ್ಲಿ ಏಳು ಜನ, ಅವರಲ್ಲಿ ಗುಮರ್ಸಿಂದಾ ಕೂಡ.

“ಜೂದಾಸಿ, ನೂರು ಪುಟದ್ದು ಎರಡು ಕೊಡು!”

“ಜೂದಾಸಿ, ಸುಟ್ಟ ಗಾಯ ವಾಸಿ ಆಯ್ತಾ?”

ಅವಳು ನಕ್ಕಳು, ಕೊಟ್ಟಳು. ಅಷ್ಟರಲ್ಲಿ ಮಾತು ನಿಂತಿತು. ಅನಾಸ್ತಾಸಿಯೋ ಮೇಷ್ಟ್ರು ಟೋಪಿ ಕೈಯಲ್ಲಿ ಹಿಡಿದು ಮುಂಬಾಗಿಲಿನಿಂದ ಒಳಗೆ ಬಂದಿದ್ದರು.

“ಆ ವಕೀಲರ ಪುಸ್ತಕ ಒಂದು ಕೊಡಮ್ಮ,” ಎಂದರು, ತರಗತಿಯ ಕೊನೆಯ ಬೆಂಚಿಗೂ ಕೇಳುವ ಹಾಗೆ.

“ಮೇಷ್ಟ್ರೇ, ನಿಮ್ಮ ಸೊಸೆ...” ಎಂದು ಎವಾರಿಸ್ತಾ ಪಿಸುಗುಟ್ಟಿದಳು.

“ಅವಳನ್ನ ಕೇಳೇ ಬಂದಿದೀನಿ. ಹಿತ್ತಲಿಂದ ಬಂದು ಬಂದು ಸಾಕಾಯ್ತು.”

ಗುಮರ್ಸಿಂದಾ ಮೇಷ್ಟ್ರನ್ನು ನೋಡುತ್ತಿರಲಿಲ್ಲ. ಎವಾರಿಸ್ತಾಳನ್ನು ನೋಡುತ್ತಿದ್ದಳು.

“ಆ ಪುಸ್ತಕ ಇಲ್ಲ ಮೇಷ್ಟ್ರೇ.”

ಎವಾರಿಸ್ತಾಳ ತಲೆಯ ಹಿಂದಿನ ಕಪಾಟಿನಲ್ಲೇ ಹತ್ತೊಂಬತ್ತು ಪ್ರತಿಗಳಿದ್ದವು. ವಕೀಲನ ಹೆಸರು ಬಾಗಿಲಿಗೇ ಕಾಣುತ್ತಿತ್ತು. ಮೇಷ್ಟ್ರು ಒಂದೊಂದಾಗಿ ಹತ್ತೊಂಬತ್ತನ್ನೂ ನೋಡಿದರು.

“ಯಾವಾಗ ಬರುತ್ತೆ?”

“ಬರಲ್ಲ.”

“ಸರಿ,” ಎಂದು ಟೋಪಿ ಹಾಕಿಕೊಂಡು ಮುಂಬಾಗಿಲಿನಿಂದಲೇ ಹೊರಗೆ ಹೋದರು. ಗುಮರ್ಸಿಂದಾಳ ಬೆರಳು ಆಗಲೇ ಫೋನಿನ ಮೇಲೆ ಓಡುತ್ತಿತ್ತು.

“ಅವರ ಸೊಸೆ ಹೆಸರು ಏನೇ ಕೊಮಾದ್ರೆ?” ಎಂದಳು ತಲೆ ಎತ್ತದೆ.

ಎವಾರಿಸ್ತಾ ಹೇಳಿದಳು.