ಎಡಗೈ ಹಡಗು, ಬಲಗೈ ಊರು

“ಎಡಗೈ ಹಡಗು, ಬಲಗೈ ಊರು,” ಎಂದು ವಾಚಪ್ಪ ಎರಡೂ ಕೈಗೆ ಕಟ್ಟಿದ್ದ ವಾಚು ತೋರಿಸುತ್ತ, ಹಡಗಿನ ಮೆಟ್ಟಿಲು ಇಳಿಯುವಾಗ ಮೂರನೇ ಸಲ ಹೇಳಿದ. “ಹಡಗಿನ ಟೈಮು ಒಂದು ಗಂಟೆ ಮುಂದೆ. ನಾಲ್ಕೂವರೆಗೆ ಬಾಗಿಲು ಹಾಕ್ತಾರೆ. ಅದು ಹಡಗಿನ ನಾಲ್ಕೂವರೆ. ಊರಲ್ಲಿ ಆಗ ಮೂರೂವರೆ ಅಷ್ಟೆ.”

“ನನಗ್ಯಾಕೆ ಪಾಠ? ಕೈ ಎರಡೂ ನಿಮ್ಮದೇ,” ಎಂದಳು ಹೆಂಡತಿ.

ಮೂವತ್ತೆಂಟು ವರ್ಷ ಒಂದೇ ಗೂಡಂಗಡಿಯಲ್ಲಿ ಕೂತು ಗಡಿಯಾರ ರಿಪೇರಿ ಮಾಡಿದವನಿಗೆ ಬೀದಿಯವರು ಇಟ್ಟ ಹೆಸರು ವಾಚಪ್ಪ. ಊರಿಗೆಲ್ಲ ಟೈಮು ಸರಿ ಮಾಡಿಕೊಟ್ಟ ಮನುಷ್ಯ ಮನೆಗೆ ಮಾತ್ರ ಒಂದು ದಿನವೂ ಹೇಳಿದ ಹೊತ್ತಿಗೆ ಬಂದವನಲ್ಲ. ಅಂಗಡಿ ಮುಚ್ಚಿದ ವರ್ಷ ಹೆಂಡತಿ ಹಟ ಹಿಡಿದು ಅವನನ್ನು ಈ ಪ್ರವಾಸಕ್ಕೆ ಹೊರಡಿಸಿದ್ದಳು. ಹಡಗಿನಲ್ಲಾದರೆ ಎಲ್ಲಿಗೂ ತಪ್ಪಿಸಿಕೊಂಡು ಹೋಗಲಾರ ಎಂಬುದು ಅವಳ ಲೆಕ್ಕಾಚಾರ. ಫೋನುಗಳನ್ನು ಅವನೇ ಹಡಗಿನ ಕೋಣೆಯ ಕಪಾಟಿನಲ್ಲಿಟ್ಟು ಬಂದಿದ್ದ. ನೀರಿನ ಮೇಲೆ ಒಂದು ಟೈಮು ಹೇಳಿ, ದಡ ಕಂಡ ಕೂಡಲೇ ಇನ್ನೊಂದು ಹೇಳುವ ಎರಡು ನಾಲಿಗೆಯ ಯಂತ್ರದ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ.

“ನಾಲ್ಕು ದಿನದಿಂದ ಸಮುದ್ರದ ಮೇಲಿದ್ದೀನಿ, ಒಂದ್ಸಲನೂ ಕಾಲು ನೆಂದಿಲ್ಲ,” ಎಂದಳು ಹೆಂಡತಿ. “ಬೇರೆಲ್ಲೂ ಬೇಡ. ಸೀದಾ ದಂಡೆಗೆ ಹೋಗೋಣ.”

ಸೀದಾ ಹೋಗುವ ದಾರಿಯಲ್ಲೇ ಒಂದು ವಾಚಿನ ಅಂಗಡಿ ಸಿಕ್ಕಿತು.

ಬಾಗಿಲಷ್ಟೇ ಅಗಲದ ಅಂಗಡಿ. ಗೋಡೆ ತುಂಬ ಗಡಿಯಾರಗಳು. ಅಷ್ಟೂ ಒಂದೇ ಹೊತ್ತು ತೋರಿಸುತ್ತಿದ್ದವು, ಒಂದೂ ಅರ್ಧ ನಿಮಿಷ ಆಚೀಚೆ ಇರಲಿಲ್ಲ. ವಾಚಪ್ಪನ ಕಾಲು ಅಲ್ಲೇ ಕಟ್ಟಿಹಾಕಿದಂತಾಯಿತು. ಒಳಗೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುದುಕನೊಬ್ಬ ಕೂತಿದ್ದ.

“ಐದೇ ನಿಮಿಷ,” ಎಂದ ವಾಚಪ್ಪ. ಹೆಂಡತಿ ಅಲ್ಲಿದ್ದ ಸ್ಟೂಲು ಎಳೆದುಕೊಂಡು ಕೂತಳು.

ಮುದುಕನ ಭಾಷೆ ಇವನಿಗೆ ಬಾರದು, ಇವನದು ಅವನಿಗೆ ಬಾರದು. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಮುದುಕ ಒಂದು ಹಳೆಯ ಜೇಬು ಗಡಿಯಾರದ ಬೆನ್ನು ತೆರೆದು ತೋರಿಸಿದ. ವಾಚಪ್ಪ ಎಡಗೈಯಲ್ಲಿದ್ದ ಕೀಲಿ ಕೊಡುವ ವಾಚನ್ನು ಬಿಚ್ಚಿ ಅವನ ಕೈಗಿಟ್ಟ. ಒಬ್ಬರ ಕೆಲಸ ನೋಡಿ ಇನ್ನೊಬ್ಬರು ತಲೆದೂಗಿದರು. ಜೇಬು ಗಡಿಯಾರದ ಪುಟ್ಟ ಚಕ್ರಗಳಲ್ಲಿ ವಾಚಪ್ಪ ಮುಳುಗಿಹೋದ. ಮುದುಕ ಅವನ ವಾಚಿಗೆ ಏನು ಮಾಡುತ್ತಿದ್ದಾನೆಂದು ತಲೆ ಎತ್ತಿ ನೋಡಲೂ ಇಲ್ಲ. ಹೊರಡುವಾಗ ಮುದುಕ ವಾಚಿನ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ತಾನೇ ಅವನ ಕೈಗೆ ಕಟ್ಟಿ, ಬಹಳ ತೃಪ್ತಿಯಿಂದ ಬೆನ್ನು ತಟ್ಟಿದ.

ದಂಡೆ ತಲುಪಿದಾಗ ವಾಚಪ್ಪ ಎಡಗೈ ನೋಡಿಕೊಂಡ. “ಇನ್ನೂ ಒಂದೂವರೆ ಗಂಟೆ ಇದೆ. ಅವಸರ ಇಲ್ಲ, ಆರಾಮಾಗಿ ನೀರಿಗಿಳಿ.”

ಇಂಥ ಮಾತು ಅವನ ಬಾಯಿಂದ ಬಂದದ್ದೇ ಹೆಂಡತಿಗೆ ಆಶ್ಚರ್ಯ. ಚಪ್ಪಲಿ ಬಿಟ್ಟು, ಬಟ್ಟೆ ಎತ್ತಿ ಹಿಡಿದು ಮೊಣಕಾಲಿನವರೆಗೆ ಇಳಿದಳು. ಅಲೆ ಹಿಂದಕ್ಕೆ ಹೋಗುವಾಗ ಅಂಗಾಲಿನ ಕೆಳಗಿಂದ ಮರಳು ಜಾರಿತು. ಕಚಗುಳಿಗೆ ಒಬ್ಬಳೇ ನಕ್ಕಳು. ಆಮೇಲೆ ದೊಡ್ಡ ಅಲೆಯೊಂದು ಬಂದು ಓಲಾಡಿಸಿತು.

“ರೀ, ಕೈ ಕೊಡಿ.”

ವಾಚಪ್ಪ ಎರಡೂ ಕೈ ಮುಂದೆ ಚಾಚಿದ. ಅವಳು ಹಿಡಿಯಲಿಲ್ಲ, ನೋಡುತ್ತ ನಿಂತಳು. ನಲವತ್ತು ವರ್ಷ ಬಟ್ಟೆ ಹೊಲಿದವಳು ಅವಳು. ಎರಡು ತೋಳು ಎದುರಿಗೆ ಬಂದರೆ ಅಳತೆ ಸಮ ಇದೆಯೇ ಎಂದು ಕಣ್ಣು ತಾನಾಗಿಯೇ ನೋಡುತ್ತಿತ್ತು.

“ಎರಡೂ ಕೈಯಲ್ಲಿ ಮೂರೂ ಹತ್ತು ಇದೆಯಲ್ಲ?”

“ಇರಲ್ಲ ಬಿಡು,” ಎಂದು ನೋಡಿಕೊಂಡ ವಾಚಪ್ಪನ ಮುಖ ಸುಣ್ಣ ಬಳಿದಂತಾಯಿತು.

“ಅಂಗಡೀಲಿ ಯಾವುದನ್ನ ಬಿಚ್ಚಿದ್ರಿ?”

“ಎಡಗೈದು.”

“ಒಂದು ಗಂಟೆ ಮುಂದೆ ಓಡ್ತಿದೆ ಅಂತ ಆ ಯಜಮಾನ್ರು ಸರಿ ಮಾಡಿ ಕಳಿಸಿದ್ದಾರೆ. ನಡೀರಿ.”

ಬಾಗಿಲು ಹಾಕಲು ಉಳಿದದ್ದು ಇಪ್ಪತ್ತು ನಿಮಿಷ. ದಾರಿ ಅರ್ಧ ಗಂಟೆಯದು. ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡಿದಳು. ವಾಚಪ್ಪ ಹತ್ತು ಹೆಜ್ಜೆಗೊಮ್ಮೆ ನಿಂತು ಕೈ ನೋಡಿಕೊಳ್ಳುತ್ತಿದ್ದ.

“ನೀವು ನೋಡಿದ್ರೆ ಮುಳ್ಳು ಹಿಂದಕ್ಕೆ ಹೋಗುತ್ತಾ? ಓಡಿ ಅಂದ್ರೆ.”

ದೊಡ್ಡ ರಸ್ತೆಗೆ ಬಂದವಳೇ ಒಂದು ವ್ಯಾನಿಗೆ ಅಡ್ಡ ನಿಂತಳು. ಹಡಗಿನ ಕಾರ್ಡು ಎತ್ತಿ ತೋರಿಸಿ, ಮನೆಗಳ ಮೇಲೆ ಕಾಣುತ್ತಿದ್ದ ಹಡಗಿನ ಹೊಗೆಕೊಳವೆಯತ್ತ ಚಪ್ಪಲಿ ಚಾಚಿದಳು. ಡ್ರೈವರು ಏನೂ ಕೇಳದೆ ಇಳಿದು ಹಿಂದಿನ ಬಾಗಿಲು ತೆಗೆದ. ಇಂಥವರನ್ನು ಅವನು ಆಗಾಗ ನೋಡುತ್ತಿದ್ದಿರಬೇಕು. ಒಳಗೆಲ್ಲ ಬಾಡಿಗೆ ಕುರ್ಚಿಗಳು, ನೂರಕ್ಕೆ ಕಡಿಮೆಯಿಲ್ಲ. ಎಲ್ಲವೂ ತಲೆಕೆಳಗಾಗಿ ಒಂದರೊಳಗೊಂದು ಕೂತಿದ್ದವು. ಗಂಡಹೆಂಡಿರು ಕುರ್ಚಿಯ ಕಾಲು ಹಿಡಿದುಕೊಂಡು ನಿಂತೇ ಹೋದರು.

“ಮುದುಕನ ತಪ್ಪಿಲ್ಲ,” ಎಂದ ವಾಚಪ್ಪ, ತಿರುವೊಂದರಲ್ಲಿ ಬೀಳುವಂತಾಗಿ ಸಾವರಿಸಿಕೊಂಡು. “ತಪ್ಪು ತೋರಿಸೋ ವಾಚು ಕೈಗೆ ಬಂದ್ರೆ ಹಾಗೇ ವಾಪಸ್ ಕೊಡೋಕಾಗಲ್ಲ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ.”

“ಗೊತ್ತು. ನಿಮ್ಮಂಥವರು ಲೋಕಕ್ಕೆಲ್ಲ ಒಬ್ಬರೇ ಅಂದ್ಕೊಂಡಿದ್ದೆ. ಇನ್ನೊಬ್ಬರಿದ್ದಾರೆ.”

ಅವರು ಬಂದಾಗ ಕಾವಲಿನವನು ಮೆಟ್ಟಿಲಿಗೆ ಸರಪಳಿ ಹಾಕುತ್ತಿದ್ದ. ಮೇಲಿನ ಕಟಕಟೆಗೆ ಒರಗಿದ್ದ ಜನ ಸಿಳ್ಳೆ ಹಾಕಿ ಚಪ್ಪಾಳೆ ತಟ್ಟಿದರು. ವಾಚಪ್ಪ ತಲೆ ತಗ್ಗಿಸಿಕೊಂಡು ಹತ್ತಿದ. ಹೆಂಡತಿ ಚಪ್ಪಲಿ ಹಿಡಿದ ಕೈಯನ್ನೇ ಮೇಲೆತ್ತಿ ಎಲ್ಲರಿಗೂ ಬೀಸಿದಳು.

ಮೇಲಿನ ಡೆಕ್ಕಿನಲ್ಲಿ ಎರಡು ಒರಗುಕುರ್ಚಿ ಖಾಲಿ ಸಿಕ್ಕವು. ಇಬ್ಬರೂ ಅದರಲ್ಲಿ ಕುಸಿದು ಕೂತರು.

“ಆ ಅಂಗಡೀಲಿ ನಾವು ತುಂಬ ಹೊತ್ತು ಇದ್ವಾ?” ಎಂದು ಉಸಿರು ಹತೋಟಿಗೆ ಬಂದ ಮೇಲೆ ವಾಚಪ್ಪ ಕೇಳಿದ.

“ಒಂದು ಗಂಟೆ ನಲವತ್ತು ನಿಮಿಷ. ಗೋಡೆ ತುಂಬ ಗಡಿಯಾರ ಇತ್ತಲ್ಲ, ಲೆಕ್ಕ ತಪ್ಪೋ ಹಾಗೇ ಇರ್ಲಿಲ್ಲ.”

ಅವನು ಏನೋ ಹೇಳಲು ಹೊರಟ. ಅಷ್ಟರಲ್ಲಿ ಅವಳ ಕತ್ತು ಒಂದು ಕಡೆಗೆ ವಾಲಿ, ನಿದ್ದೆ ಹತ್ತಿತ್ತು.

ಹಡಗು ಹೊರಟದ್ದು ಗೊತ್ತೇ ಆಗಲಿಲ್ಲ. ಊಟದ ಗಂಟೆ ಹೊಡೆಯಿತು. ಅವರ ಮೇಜಿಗೆ ಬಡಿಸುವವನು ಬಾಗಿಲಲ್ಲಿ ನಿಂತು, ಬನ್ನಿ ಎಂದು ಸನ್ನೆ ಮಾಡಿದ. ವಾಚಪ್ಪ ಬೇಡ ಎಂದು ಅಂಗೈ ಎತ್ತಿದ. ಇಳಿಬಿಸಿಲು ಅವಳ ಮುಖಕ್ಕೆ ಬೀಳುತ್ತಿತ್ತು. ಸದ್ದಾಗದಂತೆ ತನ್ನ ಕುರ್ಚಿಯನ್ನು ಎತ್ತಿ, ಬಿಸಿಲಿಗೆ ಅಡ್ಡವಾಗಿ ಇಟ್ಟುಕೊಂಡು ಕೂತ.